ಒಂದು ಹೊಳೆ ಸಾಕು

ಕರಾವಳಿಗೂ ಮಲೆನಾಡಿಗೂ ರಜೆ ಹಾಕಿ ಹೊರಡುವವರಿಗೆ ಸಿಗುವ ಸಲಹೆ ಹೆಚ್ಚುಕಡಿಮೆ ಒಂದೇ. ಮಳೆಗಾಲ ಬಿಡಿ, ಅಕ್ಟೋಬರಿನಿಂದ ಫೆಬ್ರವರಿಯೊಳಗೆ ಹೋಗಿ. ಶುಕ್ರವಾರ ರಾತ್ರಿ ಬೆಂಗಳೂರು ಬಿಟ್ಟರೆ ಶನಿವಾರ ಬೆಳಗ್ಗೆ ಜೋಗ, ಸಂಜೆಗೆ ಮುರ್ಡೇಶ್ವರ. ಮಾರನೆಯ ದಿನ ಗೋಕರ್ಣದ ಓಂ ಬೀಚ್, ಸಾಧ್ಯವಾದರೆ ಯಾಣ. ಸೋಮವಾರ ದಾಂಡೇಲಿಯಲ್ಲಿ ರಾಫ್ಟಿಂಗ್ ಮುಗಿಸಿ ರಾತ್ರಿಯ ದಾರಿ ಹಿಡಿದರೆ ಮಂಗಳವಾರ ಬೆಳಗ್ಗೆ ಮನೆ. ಕಡಲು, ಕಾಡು, ಸಾಹಸ ಮೂರೂ ಒಂದೇ ಲಾಂಗ್ ವೀಕೆಂಡಿನಲ್ಲಿ ಆಯಿತು. ಟೆಂಪೋ ಟ್ರಾವೆಲರಿನ ಮೀಟರು ಸಾವಿರ ಕಿಲೋಮೀಟರ್ ದಾಟಿರುತ್ತದೆ.

ಈ ಸಲಹೆ ಕೊಡುವವರ ಉದ್ದೇಶ ಕೆಟ್ಟದ್ದಲ್ಲ. ರಜೆ ಕಡಿಮೆ, ನೋಡುವ ಆಸೆ ದೊಡ್ಡದು, ಮಕ್ಕಳು ಮರಿಗಳ ಜೊತೆ ಮಳೆಯಲ್ಲಿ ನೆನೆಯುವ ಧೈರ್ಯ ಎಲ್ಲರಿಗೂ ಇಲ್ಲ. ಆದರೆ ಈ ಯೋಜನೆ ನಿಂತಿರುವುದು ಎರಡು ನಂಬಿಕೆಗಳ ಮೇಲೆ, ಎರಡೂ ತಪ್ಪು ಎಂಬುದು ನನ್ನ ವಾದ. ಕಡಲು ಬೇರೆ, ಕಾಡು ಬೇರೆ, ಅವನ್ನು ಬೇಕಾದಂತೆ ಜೋಡಿಸಿ ಒಂದು ಪ್ಯಾಕೇಜ್ ಮಾಡಬಹುದು ಎಂಬುದು ಮೊದಲನೆಯದು. ಎರಡಕ್ಕೂ ಒಂದೇ ಸೀಸನ್ ಇದೆ ಎಂಬುದು ಎರಡನೆಯದು. ಉತ್ತರ ಕನ್ನಡದಲ್ಲಿ ಕಡಲನ್ನೂ ಕಾಡನ್ನೂ ಜೋಡಿಸುವ ಕೆಲಸವನ್ನು ಹೊಳೆಗಳು ಆಗಲೇ ಮಾಡಿಟ್ಟಿವೆ. ಪ್ರವಾಸದ ಯೋಜನೆ ಮಾಡುವವರು ಯಾವುದಾದರೂ ಒಂದು ಹೊಳೆಯನ್ನು ಆರಿಸಿಕೊಂಡು, ಅದರಲ್ಲಿ ನೀರು ಯಾವಾಗ ಎಲ್ಲಿರುತ್ತದೆ ಎಂದು ನೋಡಿ ದಿನ ಗೊತ್ತುಮಾಡಿದರೆ ಸಾಕು.

ಸೀಸನ್ನಿನ ಮಾತು ಮೊದಲು. ಜೋಗದಲ್ಲಿ ಶರಾವತಿ 253 ಮೀಟರ್ ಇಳಿಯುತ್ತಾಳೆ. ಮೇಲೆ ಲಿಂಗನಮಕ್ಕಿ ಅಣೆಕಟ್ಟು ಎದ್ದ 1964ರಿಂದ ಆಕೆಯ ನೀರು ಕಣಿವೆಗೆ ಬೀಳುವುದಕ್ಕಿಂತ ಹೆಚ್ಚಾಗಿ ವಿದ್ಯುದಾಗಾರದ ಕೊಳವೆಗಳಿಗೆ ಹೋಗುತ್ತಿದೆ. ಜುಲೈ, ಆಗಸ್ಟ್‌ಗಳಲ್ಲಿ ಅಣೆಕಟ್ಟಿನ ಕೆಳಗಿನ ಕಾಡಿನ ಮಳೆಯಿಂದಲೇ ಜಲಪಾತ ತುಂಬಿಕೊಳ್ಳುತ್ತದೆ, ಜಲಾಶಯ ತುಂಬಿ ಬಾಗಿಲು ತೆರೆದ ವರ್ಷ ಇನ್ನೂ ಭೋರ್ಗರೆಯುತ್ತದೆ. ಡಿಸೆಂಬರಿನ ಕೊನೆಗೆ, ಅಂದರೆ ಸಲಹೆಯ ಪ್ರಕಾರ ಸೀಸನ್ನಿನ ನಟ್ಟನಡುವೆ ಬರುವವರಿಗೆ ಕಾಣುವುದು ಬಂಡೆಗೆ ಅಂಟಿಕೊಂಡು ಇಳಿಯುವ ತೆಳುವಾದ ಎಳೆಗಳು. ಆ ಗುಂಪು ನಿರಾಶೆಯಿಂದ ವ್ಯೂ ಪಾಯಿಂಟಿನಲ್ಲಿ ಹತ್ತು ನಿಮಿಷ ನಿಂತು ಹೊರಟುಬಿಡುತ್ತದೆ. ತಪ್ಪು ಅವರದ್ದೂ ಅಲ್ಲ, ಜೋಗದ್ದೂ ಅಲ್ಲ. ನೀರಿಲ್ಲದ ತಿಂಗಳಲ್ಲಿ ನೀರು ನೋಡಲು ಅವರನ್ನು ಕಳಿಸಿದ ಸಲಹೆಯದ್ದು.

ಈ ನೆಲದಲ್ಲಿ ಬದುಕುವ ಯಾರೂ ಇಡೀ ವರ್ಷವನ್ನು ಒಂದೇ ಸೀಸನ್ ಎಂದು ಎಣಿಸಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಕೊಂಕಣ ರೈಲ್ವೆ ಜೂನ್ ಮಧ್ಯದ ಹೊತ್ತಿಗೆ ವೇಳಾಪಟ್ಟಿಯನ್ನೇ ಬದಲಿಸಿ, ಅಕ್ಟೋಬರ್‌ವರೆಗೆ ರೈಲುಗಳ ವೇಗ ಇಳಿಸುತ್ತದೆ. ದಕ್ಷಿಣ ಕನ್ನಡದ ಸಸಿಹಿತ್ಲು, ಪಣಂಬೂರುಗಳ ಕಡೆ ಸರ್ಫಿಂಗ್ ಸ್ಪರ್ಧೆಗಳು ಮೇ ಕೊನೆ, ಜೂನ್ ಮೊದಲ ವಾರದಲ್ಲಿ ನಡೆದಿವೆ, ಏಕೆಂದರೆ ಮುಂಗಾರು ಹತ್ತಿರವಾದಾಗಲೇ ಅಲೆಗಳಿಗೆ ಆ ಎತ್ತರ ಬರುವುದು. ಇತ್ತ ನೇತ್ರಾಣಿ ದ್ವೀಪದ ಸುತ್ತ ಸ್ಕೂಬಾ ಮುಳುಗುವವರು ಮಳೆ ಮುಗಿದು ನೀರು ತಿಳಿಯಾಗುವವರೆಗೆ ಕಾಯುತ್ತಾರೆ. ಒಂದೇ ಕಡಲು, ಎರಡು ಆಟ, ಎರಡು ಕಾಲ. ಪ್ರವಾಸದ ಜಾಹೀರಾತು ಮಾತ್ರ ಎರಡನ್ನೂ ಒಂದೇ ಸಾಲಿನಲ್ಲಿ ಬರೆಯುತ್ತದೆ.

ಈಗ ಹೊಳೆಯ ಮಾತಿಗೆ ಬರುತ್ತೇನೆ, ನನ್ನ ವಾದದ ತಿರುಳು ಇರುವುದು ಇಲ್ಲಿ. ಹೊನ್ನಾವರದಲ್ಲಿ ಶರಾವತಿ ಕಡಲು ಸೇರುತ್ತಾಳೆ. ಅಲ್ಲಿಂದ ಉತ್ತರಕ್ಕೆ, ಹೆದ್ದಾರಿಯಲ್ಲಿ ಗಂಟೆಯೂ ಹಿಡಿಯದ ದಾರಿಯಲ್ಲಿ, ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ಕಡಲು ಸೇರುತ್ತಾಳೆ. ಎರಡೂ ಘಟ್ಟದ ಹೊಳೆಗಳು, ಎರಡಕ್ಕೂ ಸಿಗುವುದು ಅದೇ ಮಳೆ. ವ್ಯತ್ಯಾಸ ಒಂದೇ. ಶರಾವತಿಗೆ ಲಿಂಗನಮಕ್ಕಿಯಿಂದ ಗೇರುಸೊಪ್ಪೆಯವರೆಗೆ ಅಣೆಕಟ್ಟುಗಳಿವೆ. ಶಿರಸಿಯ ಶಂಕರ ಹೊಂಡದ ಕಡೆಯಿಂದ ಹೊರಟು ಸುಮಾರು 120 ಕಿಲೋಮೀಟರ್ ಹರಿಯುವ ಅಘನಾಶಿನಿಗೆ ದೊಡ್ಡ ಅಣೆಕಟ್ಟು ಒಂದೂ ಇಲ್ಲ.

ಆ ಒಂದು ವ್ಯತ್ಯಾಸ ಕಡಲಂಚಿನಲ್ಲಿ ಏನು ಮಾಡಿದೆ ನೋಡಿ. ಅಳಿವೆಯೆಂದರೆ ಸಿಹಿನೀರೂ ಉಪ್ಪುನೀರೂ ದಿನಕ್ಕೆರಡು ಬಾರಿ ಉಬ್ಬರ ಇಳಿತದಲ್ಲಿ ಬೆರೆಯುವ ಜಾಗ. ಮಳೆಗಾಲದಲ್ಲಿ ಹೊಳೆಯ ಕೈ ಮೇಲಾಗಿ ಅಳಿವೆ ಸಿಹಿಯಾಗಬೇಕು, ಬೇಸಿಗೆಯಲ್ಲಿ ಕಡಲಿನ ಕೈ ಮೇಲಾಗಿ ಉಪ್ಪು ಒಳನಾಡಿಗೆ ಏರಬೇಕು. ಅಲ್ಲಿನ ಚಿಪ್ಪುಜೀವಿಗಳು, ಮೀನು, ಸಿಗಡಿ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳೆಲ್ಲ ಈ ಏರಿಳಿತಕ್ಕೆ ಒಗ್ಗಿದವು. ಶರಾವತಿಯಲ್ಲಿ ವಿದ್ಯುತ್ ತಯಾರಿಸಿ ಹೊರಬಿಟ್ಟ ಸಿಹಿನೀರು ವರ್ಷವಿಡೀ ಹರಿಯುತ್ತದೆ. ಬೇಸಿಗೆಯಲ್ಲೂ ಉಪ್ಪು ಏರುವುದಕ್ಕೆ ಅದು ಬಿಡುವುದಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದ ಸಂಶೋಧಕರು ಎರಡೂ ಅಳಿವೆಗಳನ್ನು ಹೋಲಿಸಿ ತೋರಿಸಿದ್ದು ಇದನ್ನೇ: ಶರಾವತಿ ಅಳಿವೆಯಲ್ಲಿ ತಿನ್ನುವ ಚಿಪ್ಪುಗಳು ಬಹುಮಟ್ಟಿಗೆ ಕಾಣೆಯಾಗಿವೆ, ಮೀನಿನ ವೈವಿಧ್ಯವೂ ಕುಗ್ಗಿದೆ. ಅಘನಾಶಿನಿಯ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಸೊಂಟಮಟ್ಟದ ನೀರಿನಲ್ಲಿ ನಿಂತು ಬಳಚು ಎಂಬ ಚಿಪ್ಪುಜೀವಿಯನ್ನು ಹೆಕ್ಕುವುದರಿಂದ ಸಾವಿರಾರು ಜನರ ಒಲೆ ಉರಿದಿದೆ. ಈ ಅಳಿವೆ 2024ರಲ್ಲಿ ಜೌಗು ಪ್ರದೇಶಗಳ ರಾಮ್‌ಸರ್ ಪಟ್ಟಿಗೆ ಸೇರಿತು.

ಪ್ಯಾಕೇಜಿನವರು ಜೋಗವನ್ನು ಕಾಡಿನ ಖಾತೆಗೂ ಹೊನ್ನಾವರದ ಕಾಂಡ್ಲಾ ಕಾಡಿನ ದೋಣಿ ವಿಹಾರವನ್ನು ಕಡಲಿನ ಖಾತೆಗೂ ಬರೆಯುತ್ತಾರೆ. ಎರಡೂ ಒಂದೇ ನೀರು ಎಂದು ತಿಳಿಯದೆಯೇ ಪ್ರವಾಸಿ ಎರಡನ್ನೂ ನೋಡಿಬರುತ್ತಾನೆ. ಮೇಲೆ ಜಲಪಾತ ಏಕೆ ತೆಳುವಾಗಿದೆಯೋ ಕೆಳಗೆ ಬಳಚು ಏಕೆ ಇಲ್ಲವೋ ಎರಡಕ್ಕೂ ಕಾರಣ ಒಂದೇ ಎಂಬುದು ಅವನಿಗೆ ಗೊತ್ತಾಗುವುದೇ ಇಲ್ಲ. ಆತ ತಾನು ಬಂದ ಜಾಗವನ್ನೇ ನೋಡಿಲ್ಲ ಎಂದು ನನಗೆ ಅನಿಸುವುದು ಈ ಕಾರಣಕ್ಕೆ.

ಅಘನಾಶಿನಿಯ ಬಾಯಲ್ಲಿ ಮಾಣಿಕಟ್ಟಾ ಎಂಬ ಊರಿದೆ. ಅಲ್ಲಿನ ಗಜನಿ ಗದ್ದೆಗಳಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತಾರೆ, ಉಪ್ಪು ತಡೆಯುವ ಭತ್ತ. ಮುಂಗಾರು ಮಳೆ ಗದ್ದೆಯ ಉಪ್ಪನ್ನು ತೊಳೆದ ಮೇಲೆ ಪೈರು ಏಳುತ್ತದೆ. ನೆರೆ ಬಂದು ಕೆಲವು ದಿನ ಮುಳುಗಿದರೂ ಸಾಯುವುದಿಲ್ಲ. ಅಕ್ಟೋಬರಿನ ಹೊತ್ತಿಗೆ ಕೊಯ್ಲು. ಆಮೇಲೆ ಕಟ್ಟೆಯ ಹಲಗೆ ಎತ್ತಿ ಉಪ್ಪುನೀರನ್ನು ಒಳಗೆ ಬಿಟ್ಟುಕೊಳ್ಳುತ್ತಾರೆ. ಉಳಿದ ಕೂಳೆ ಕೊಳೆತು ಸಿಗಡಿ, ಮೀನಿಗೆ ಆಹಾರವಾಗುತ್ತದೆ. ಅರ್ಧ ವರ್ಷ ಗದ್ದೆ, ಅರ್ಧ ವರ್ಷ ಮೀನಿನ ಮಡು. ಗೊಬ್ಬರ ಹಾಕುವವರಿಲ್ಲ, ಔಷಧಿ ಹೊಡೆಯುವವರಿಲ್ಲ. ಓಂ ಬೀಚಿನಿಂದ ಇದು ದೂರವೇನಲ್ಲ. ಉಷ್ಣವಲಯದ ಕಡಲಂಚು ಎಂದರೆ ಏನು ಎಂದು ಯಾರಾದರೂ ನನ್ನನ್ನು ಕೇಳಿದರೆ ಮರಳು, ತೆಂಗು, ಸೂರ್ಯಾಸ್ತ ಬಿಟ್ಟು ಈ ಗದ್ದೆಯನ್ನು ತೋರಿಸುತ್ತೇನೆ.

ಮೇಲಿನ ಕಾಡಿನ ಕಥೆಯೂ ಹೀಗೆಯೇ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನು, ಅದರ ಆಸುಪಾಸಿನ ಕಣಿವೆಗಳಲ್ಲಿ ರಾಮಪತ್ರೆಯ ಜಡ್ಡಿಗಳಿವೆ. ವರ್ಷವಿಡೀ ನೀರು ಜಿನುಗುವ ಕೆಸರು ನೆಲ, ಉಸಿರಾಡಲು ಮಣ್ಣಿನಿಂದ ಮೇಲೆದ್ದು ಮಂಡಿಯಂತೆ ಮಡಚಿ ಮತ್ತೆ ಒಳಗಿಳಿಯುವ ಬೇರುಗಳು. ಬೇಸಿಗೆಯಲ್ಲೂ ಹೊಳೆ ಬತ್ತದಿರುವುದಕ್ಕೆ ಇಂಥ ಜಡ್ಡಿಗಳೂ ಕಾನುಗಳೂ ಕಾರಣ. ಕುಂಬಾರ ಇರುಳುಗಪ್ಪೆ ಎಂದು 2014ರಲ್ಲಿ ಹೆಸರು ಪಡೆದ ಕಪ್ಪೆ ಈ ಸೀಮೆಯದು. ಮಳೆಗಾಲದ ರಾತ್ರಿ ಹಳ್ಳದ ಮೇಲೆ ಬಾಗಿದ ಕಡ್ಡಿಗೆ ಹೆಣ್ಣು ಮೊಟ್ಟೆ ಅಂಟಿಸಿ ಹೋದಮೇಲೆ ಗಂಡು ಮುಂಗಾಲುಗಳಿಂದ ಕೆಸರು ತಂದು ಮೊಟ್ಟೆಗಳಿಗೆ ಮೆತ್ತುತ್ತದೆ. ಜನವರಿಯಲ್ಲಿ ಬಂದವರಿಗೆ ಇದು ಯಾವುದೂ ಕಾಣದು. ಉಪ್ಪಾಗೆ ಎಂಬ ಕಾಡುಮರದ ಕಾಯಿ ಹಣ್ಣಾಗುವುದೂ ಮಳೆಯಲ್ಲೇ. ಊರವರು ಅದನ್ನು ಆಯ್ದು ಒಣಗಿಸಿ ಮಾರುತ್ತಾರೆ, ಸಿಂಗಳೀಕಗಳು ಅದನ್ನೇ ತಿನ್ನುತ್ತವೆ. ಎರಡೂ ಕಡೆಯ ಹಸಿವಿನ ನಡುವೆ ಅರಣ್ಯ ಇಲಾಖೆಯೂ ಸಂಶೋಧಕರೂ ಹಾದಿ ಹುಡುಕುತ್ತಿರುವ ಈ ಕಣಿವೆಯನ್ನು 2011ರಲ್ಲಿ ಸಿಂಗಳೀಕ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. ಒಣ ತಿಂಗಳಲ್ಲಿ ಮಳೆಕಾಡಿಗೆ ಹೋಗುವುದೆಂದರೆ ಮೇಳ ಊರುಬಿಟ್ಟ ಮೇಲೆ ಬಯಲಾಟಕ್ಕೆ ಹೋದಹಾಗೆ: ಚಪ್ಪರ ಇರುತ್ತದೆ, ಆಟ ಇರುವುದಿಲ್ಲ.

ಇದಕ್ಕೆ ಬರುವ ಆಕ್ಷೇಪಣೆಯನ್ನು ಹಗುರವಾಗಿ ತೆಗೆದುಕೊಳ್ಳಲಾರೆ. ಮಳೆಗಾಲದಲ್ಲಿ ಜನ ಸಾಯುತ್ತಾರೆ. ಜಲಪಾತದ ಪಾಚಿಗಟ್ಟಿದ ಬಂಡೆಯ ಮೇಲೆ ಫೋನ್ ಹಿಡಿದು ನಿಂತ ಹುಡುಗರು ಜಾರಿ ಹೋದ ಸುದ್ದಿ ಪ್ರತಿ ಜುಲೈಯಲ್ಲೂ ಓದುತ್ತೇವೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಬದಿಯ ಗುಡ್ಡ ಕುಸಿದು ಚಹಾದಂಗಡಿಯನ್ನೂ ಲಾರಿಯನ್ನೂ ಗಂಗಾವಳಿ ಹೊಳೆಗೆ ತಳ್ಳಿತು. ಹೀಗಿರುವಾಗ ಮಳೆಗೆ ಹೋಗಿ ಎನ್ನುವುದು ಹೊಣೆಗೇಡಿತನವಲ್ಲವೇ?

ಹವಾಮಾನ ಇಲಾಖೆ ಕೆಂಪು ಎಚ್ಚರಿಕೆ ಕೊಟ್ಟ ದಿನ, ಅಂದರೆ ಒಂದೇ ದಿನದಲ್ಲಿ ಇಪ್ಪತ್ತು ಸೆಂಟಿಮೀಟರಿಗೂ ಹೆಚ್ಚು ಮಳೆಯ ಮುನ್ಸೂಚನೆ ಇರುವಾಗ, ಘಟ್ಟ ಇಳಿಯಿರಿ ಎಂದು ಯಾರೂ ಹೇಳಬಾರದು. ನಾನೂ ಹೇಳುತ್ತಿಲ್ಲ. ಆದರೆ ಮಳೆಗಾಲ ಅಪಾಯ, ಉಳಿದ ಕಾಲ ಕ್ಷೇಮ ಎಂಬ ಮಾತು ಅದಕ್ಕಿಂತ ಹೆಚ್ಚು ಅಪಾಯಕಾರಿ. 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆಂದು ಮುರ್ಡೇಶ್ವರಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರು ಕಡಲಿನಲ್ಲಿ ಮುಳುಗಿ ತೀರಿಕೊಂಡರು. ಅದು ಮಳೆಗಾಲವಲ್ಲ. ಒಳ್ಳೆಯ ಸೀಸನ್ ಎಂದು ಎಲ್ಲರೂ ಹೇಳುವ ತಿಂಗಳು. ಆ ಮಕ್ಕಳ ಸಾವು ನೆನಪಾದಾಗಲೆಲ್ಲ ಈ ಸೀಸನ್ ಎಂಬ ಮಾತಿನ ಮೇಲೆ ನನಗೆ ಸಿಟ್ಟು ಬರುತ್ತದೆ, ಏಕೆಂದರೆ ಆ ಮಾತು ಜನರ ಎಚ್ಚರವನ್ನು ಕಸಿದುಕೊಳ್ಳುತ್ತದೆ.

ಕಡಲಿನ ಸೆಳೆತ ತಿಂಗಳು ನೋಡಿ ಬರುವುದಿಲ್ಲ. ದಡಕ್ಕೆ ಅಪ್ಪಳಿಸಿದ ನೀರು ಹಿಂದಿರುಗಲು ಒಂದು ಕಿರಿದಾದ ದಾರಿ ಮಾಡಿಕೊಳ್ಳುತ್ತದೆ. ಆ ದಾರಿಯಲ್ಲಿ ಅಲೆ ಒಡೆಯುವುದು ಕಡಿಮೆಯಾದ್ದರಿಂದ ಈಜು ಬಾರದವರ ಕಣ್ಣಿಗೆ ಅದೇ ಶಾಂತವಾದ ಜಾಗವಾಗಿ ಕಾಣುತ್ತದೆ. ಸಿಕ್ಕಿಕೊಂಡವರು ದಡದ ಕಡೆಗೆ ನೇರವಾಗಿ ಈಜಿ ಸೋಲುತ್ತಾರೆ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿದರೆ ಸೆಳೆತದಿಂದ ಹೊರಬರಬಹುದು. ಹೊಳೆ ಕಡಲು ಸೇರುವ ಬಾಯಲ್ಲಿ ಇಳಿತದ ಹೊತ್ತಿನ ಸೆಳೆತ ಇನ್ನೂ ಬಲವಾದದ್ದು. ಪ್ರವಾಸದ ಸಿದ್ಧತೆಯೆಂದು ಹೋಟೆಲ್ ಬುಕಿಂಗ್, ಸನ್‌ಸ್ಕ್ರೀನ್, ಡ್ರೋನ್ ಅನುಮತಿಯ ತನಕ ಎಲ್ಲ ಚರ್ಚಿಸುತ್ತೇವೆ, ಆ ದಿನದ ಉಬ್ಬರ ಎಷ್ಟು ಹೊತ್ತಿಗೆ ಎಂದು ಕೇಳುವವರು ಎಷ್ಟು ಜನ? ಅದು ದಿನಾಲೂ ಸುಮಾರು ಐವತ್ತು ನಿಮಿಷ ಮುಂದಕ್ಕೆ ಸರಿಯುತ್ತದೆ. ಬಳಚು ಹೆಕ್ಕುವ ಹೆಂಗಸರು ಅದನ್ನು ಗಡಿಯಾರ ನೋಡದೆ ಹೇಳುತ್ತಾರೆ. ಇಳಿದುಕೊಂಡ ಹೋಮ್‌ಸ್ಟೇಯವರನ್ನು ಮೊದಲು ಕೇಳಬೇಕಾದ ಪ್ರಶ್ನೆ ವೈಫೈಯದ್ದಲ್ಲ, ನೀರಿನದ್ದು.

ಒಣ ತಿಂಗಳಿಗೆ ಇನ್ನೊಂದು ಬೆಲೆಯೂ ಇದೆ. ಎಲ್ಲರೂ ಒಂದೇ ಸಲಹೆ ಪಾಲಿಸಿದಾಗ ಎಲ್ಲರೂ ಒಂದೇ ದಿನ ಒಂದೇ ಜಾಗಕ್ಕೆ ಬರುತ್ತಾರೆ. 2024ರ ಗಣರಾಜ್ಯೋತ್ಸವದ ರಜೆಗೆ ಕುಮಾರಪರ್ವತದ ಕಾಲುದಾರಿಯಲ್ಲಿ ಸಾವಿರಾರು ಜನ ಸಾಲುಗಟ್ಟಿ ನಿಂತ ಚಿತ್ರಗಳು ಬಂದವು. ಅದಾದ ಬೆನ್ನಿಗೇ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ಅರಣ್ಯ ಇಲಾಖೆ ತಡೆಹಿಡಿಯಿತು. ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಈಗ ಹಲವು ಹಾದಿಗಳಿಗಿದೆ. ಅದನ್ನು ಕಿರಿಕಿರಿ ಎಂದುಕೊಳ್ಳುವವರಿದ್ದಾರೆ. ನನಗೆ ಅದು ತಡವಾಗಿ ಬಂದ ಒಳ್ಳೆಯ ಕೆಲಸ.

ಸಾಹಸದ ಮಾತು ಬಾಕಿ ಇದೆ. ದಾಂಡೇಲಿಯ ರಾಫ್ಟಿಂಗ್ ಬೇಡ ಎನ್ನಲಾರೆ. ಗಣೇಶಗುಡಿಯ ಕೆಳಗೆ ಕಾಳಿ ಹೊಳೆಯ ಆ ರಭಸದಲ್ಲಿ ಹುಟ್ಟು ಹಾಕುವ ಖುಷಿ ನಿಜವಾದದ್ದು, ಅಲ್ಲಿ ದೋಣಿ ನಡೆಸುವ ಹುಡುಗರ ಕೈಚಳಕವೂ ನಿಜವಾದದ್ದು. ಆದರೆ ಅದನ್ನು ಕಾಡುಹೊಳೆಯ ಸಾಹಸವೆಂದು ಮಾರುವುದು ಸರಿಯಲ್ಲ. ಸೂಪಾ ಅಣೆಕಟ್ಟಿನ ವಿದ್ಯುದಾಗಾರ ನೀರು ಬಿಟ್ಟರೆ ಅಲ್ಲಿ ರಭಸ, ಬಿಡದಿದ್ದರೆ ಬರೀ ಕಲ್ಲು. ರಾಫ್ಟಿನ ಸಮಯವನ್ನು ನಿಶ್ಚಯಿಸುವುದು ರಾಜ್ಯದ ವಿದ್ಯುತ್ ಬೇಡಿಕೆ. ಆ ಅಣೆಕಟ್ಟಿನ ನೀರಿನಡಿ ಸೂಪಾ ಎಂಬ ಊರೇ ಮುಳುಗಿತು, ತಾಲ್ಲೂಕು ಕೇಂದ್ರ ಜೋಯಿಡಾಕ್ಕೆ ಬಂತು, ಒಕ್ಕಲೆದ್ದವರು ರಾಮನಗರಕ್ಕೆ ಹೋದರು. ಲೈಫ್ ಜಾಕೆಟ್ ಕಟ್ಟುವ ಮೊದಲು ಈ ನಾಲ್ಕು ಮಾತು ಯಾರಾದರೂ ಹೇಳಿದರೆ ಖುಷಿ ಕಡಿಮೆಯಾಗುವುದಿಲ್ಲ, ಹೊಳೆಯ ಬಗ್ಗೆ ಗೌರವ ಹುಟ್ಟುತ್ತದೆ. ಸಾಹಸಕ್ಕೆ ಯಂತ್ರವೂ ಬೇಕಿಲ್ಲ. ಕಾನಿನ ಹಾದಿಯಲ್ಲಿ ಊರವರೊಬ್ಬರ ಹಿಂದೆ, ಕಾಲಿಗೆ ಹೊಗೆಸೊಪ್ಪು ಸುಣ್ಣ ಹಚ್ಚಿಕೊಂಡು, ಉಂಬಳಗಳ ನಡುವೆ ಎರಡು ಗಂಟೆ ನಡೆಯುವುದು ಯಾವ ಜಿಪ್‌ಲೈನಿಗಿಂತಲೂ ಕಷ್ಟದ ಕೆಲಸ.

ಪ್ರವಾಸಿಗರು ಬಂದರೆ ಕಾಡು ಉಳಿಯುತ್ತದೆ ಎಂಬ ಇನ್ನೊಂದು ನಂಬಿಕೆಯೂ ಇದೆ. ಅಷ್ಟು ಸುಲಭವಲ್ಲ. ಅಘನಾಶಿನಿಯ ನೀರನ್ನು ಒಳನಾಡಿನ ವೇದಾವತಿಗೆ ತಿರುಗಿಸುವ ಪ್ರಸ್ತಾಪ ಮುಂದಿದೆ. ಶಿರಸಿ, ಸಿದ್ದಾಪುರ, ಕುಮಟಾದ ಜನ ಅದನ್ನು ವಿರೋಧಿಸುತ್ತಿದ್ದಾರೆ. ಈ ಹಿಂದೆ ತದಡಿಯಲ್ಲಿ ಬರಬೇಕಿದ್ದ ಭಾರಿ ಉಷ್ಣ ವಿದ್ಯುತ್ ಸ್ಥಾವರವನ್ನು ಹಿಮ್ಮೆಟ್ಟಿಸಿದ್ದೂ ಇಲ್ಲಿನ ರೈತರು, ಮೀನುಗಾರರು. ಓಂ ಬೀಚಿಗೆ ಪ್ರತಿವರ್ಷ ಬಂದು ಹೋಗುವ ಬೆಂಗಳೂರಿನವರಿಗೆ ಇವುಗಳ ಸುಳಿವೇ ಇಲ್ಲದಿದ್ದರೆ ಅವರು ಬಂದು ಕಾಡಿಗೆ ಏನು ಲಾಭ? ಚಿತ್ರದುರ್ಗ, ತುಮಕೂರಿನ ಬಾಯಾರಿಕೆ ಸುಳ್ಳಲ್ಲ. ಅದಕ್ಕೆ ಉತ್ತರ ಬೇಕು. ಆದರೆ ಕಡಲಿಗೆ ಹೋಗುವ ನೀರು ಪೋಲು ಎಂಬ ಮಾತಿಗೆ ಉತ್ತರವಾಗಿ ಶರಾವತಿಯ ಬರಿದಾದ ಅಳಿವೆ ಕಣ್ಣೆದುರಿಗಿದೆ. ಹೊಳೆಯನ್ನು ಮೇಲಿಂದ ಕೆಳಗಿನವರೆಗೆ ಒಮ್ಮೆ ಹಿಂಬಾಲಿಸಿದವರು ಆ ಮಾತನ್ನು ಮತ್ತೆ ಆಡುವುದು ಕಷ್ಟ.

ನಮಗಿರುವುದೇ ಮೂರು ದಿನ, ಏನು ಮಾಡೋಣ ಎಂದು ಕೇಳುವವರಿಗೆ ನನ್ನ ಉತ್ತರ ಹೀಗಿದೆ. ವರ್ಷಕ್ಕೆ ಎರಡು ಸಲ ಬರಬಲ್ಲವರು ಸೆಪ್ಟೆಂಬರಿನಲ್ಲಿ, ಮಳೆಯ ಆರ್ಭಟ ತಗ್ಗಿದ ಮೇಲೆ, ಘಟ್ಟದ ಮೇಲಿನ ಅಘನಾಶಿನಿಗೆ ಬರಲಿ. ಜನವರಿಯಲ್ಲಿ ವಲಸೆ ಹಕ್ಕಿಗಳು ಇಳಿದಿರುವಾಗ, ಇಳಿತದ ಸಮಯ ಕೇಳಿಕೊಂಡು ಅಳಿವೆಗೆ ಬರಲಿ. ಒಂದೇ ಸಲ ಸಾಧ್ಯ ಎನ್ನುವವರಿಗೆ ಅಕ್ಟೋಬರ್ ಮಧ್ಯದಿಂದ ನವೆಂಬರ್ ಮಧ್ಯದವರೆಗಿನ ತಿಂಗಳು ಒಳ್ಳೆಯದು. ಅಬ್ಬಿಗಳಲ್ಲಿ ನೀರು ಇನ್ನೂ ಇರುತ್ತದೆ, ಕಡಲಿನ ಅಬ್ಬರವೂ ಇಳಿದಿರುತ್ತದೆ. ರಾತ್ರಿ ಬಸ್ಸಿನಲ್ಲಿ ಶಿರಸಿಗೆ ಬಂದು, ಮೊದಲ ದಿನ ಹೆಗ್ಗರಣೆಯ ದಾರಿಯಲ್ಲಿ ಉಂಚಳ್ಳಿಗೆ ಹೋಗಿ. ಅಲ್ಲಿ ಅಘನಾಶಿನಿ 116 ಮೀಟರ್ ಧುಮುಕುವ ಸದ್ದಿಗೆ ಊರವರು ಕೆಪ್ಪ ಜೋಗ ಎನ್ನುತ್ತಾರೆ. ಅಂದು ರಾತ್ರಿ ಅಲ್ಲೇ ಯಾವುದಾದರೂ ತೋಟದ ಮನೆಯಲ್ಲಿ ಉಳಿಯಿರಿ. ಊಟಕ್ಕೆ ಅಪ್ಪೆಹುಳಿ ಸಿಕ್ಕರೆ ಆ ಅಪ್ಪೆಮಿಡಿಯ ಮರಗಳೂ ಇಂಥ ಹೊಳೆದಂಡೆಯವೇ ಎಂದು ನೆನಪಿರಲಿ. ಎರಡನೆಯ ದಿನ ಘಟ್ಟ ಇಳಿದು ಯಾಣ. ಆ ಕರಿಬಂಡೆಗಳ ಬುಡದಲ್ಲಿ ಹರಿಯುವ ಚಂಡಿಕಾ ಹಳ್ಳ ಉಪ್ಪಿನಪಟ್ಟಣದ ಹತ್ತಿರ ಸೇರುವುದು ಇದೇ ಅಘನಾಶಿನಿಯನ್ನು. ಮೂರನೆಯ ದಿನ ಮಿರ್ಜಾನಿನ ಕೋಟೆ, ಮಾಣಿಕಟ್ಟಾದ ಗದ್ದೆ, ಆಮೇಲೆ ಅಘನಾಶಿನಿ ಊರಿನಿಂದ ತದಡಿಗೆ ದೋಣಿ. ಬೈಕು, ಮೀನಿನ ಬುಟ್ಟಿ, ಶಾಲೆಯ ಮಕ್ಕಳ ಜೊತೆ ಹೊಳೆಯ ಬಾಯಿ ದಾಟಬಹುದು. ಕಾರವಾರದಿಂದ ಸಂಜೆ ಹೊರಡುವ ಬೆಂಗಳೂರಿನ ರೈಲು ಕುಮಟಾದಲ್ಲಿ ನಿಲ್ಲುತ್ತದೆ. ಸ್ವಂತ ವಾಹನ ಬೇಕೆಂದಿಲ್ಲ. ದಾಂಡೇಲಿ, ಮುರ್ಡೇಶ್ವರ, ಜೋಗ ಈ ಸಲ ಬಿಟ್ಟುಹೋಗುತ್ತವೆ, ಹೋಗಲಿ. ಕಾಳಿಗೆ ಇನ್ನೊಂದು ವರ್ಷ, ಶರಾವತಿಗೆ ಮತ್ತೊಂದು ವರ್ಷ ರಜೆ ಇಟ್ಟುಕೊಳ್ಳಿ.